ಮೂರನೇ ತಿಂಗಳ ಎಣಿಕೆ

ಅಳಿವೆಯಲ್ಲಿ ಬೆಳಗಿನ ನೀರಿಳಿತ ಇನ್ನೂ ಪೂರ್ತಿಯಾಗಿರಲಿಲ್ಲ. ನರ್ಸರಿಯ ಬಿದಿರು ಬೇಲಿಯೊಳಗೆ ಸಸಿಯಕ್ಕ ಕುಕ್ಕರಗಾಲಲ್ಲಿ ಕೂತು, ಕಪ್ಪು ಪ್ಲಾಸ್ಟಿಕ್ ಚೀಲಗಳ ಸಾಲಿನಲ್ಲಿ ಒಂದೊಂದೇ ಸಸಿಯ ಕುತ್ತಿಗೆಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದಳು. ಬೇರು ಬಿಟ್ಟಿದ್ದರೆ ಸಸಿ ಬೆರಳಿಗೆ ಎದುರಾಗಿ ನಿಲ್ಲುತ್ತದೆ. ಬಿಡದಿದ್ದರೆ ಹಾಲುಹಲ್ಲಿನಂತೆ ಸಡಿಲವಾಗಿ ಓಲಾಡುತ್ತದೆ. ಅಂಥದ್ದನ್ನು ಕಿತ್ತು ಎಡಗಡೆಯ ಬುಟ್ಟಿಗೆ ಹಾಕುತ್ತಾಳೆ. ಇರುವ ಆರು ಸಾವಿರದಲ್ಲಿ ನಾಲ್ಕನೇ ಸಾಲು ಮುಗಿಯುವಾಗ ಬುಟ್ಟಿಯಲ್ಲಿ ಹನ್ನೊಂದು ಬಿದ್ದಿದ್ದವು.

ಬೇಲಿಯಾಚೆ ಕೆಸರಿನಲ್ಲಿ ಬೂಟುಗಳ ಪಚಪಚ ಸದ್ದು ಕೇಳಿಸಿತು. ಯೋಜನೆಯ ಅಧಿಕಾರಿ ಬಂದಿದ್ದರು. ಮೊಣಕಾಲು ಮುಚ್ಚುವ ರಬ್ಬರ್ ಬೂಟು ಹಾಕಿಕೊಂಡೇ ಬರುವುದರಿಂದ ಹೆಂಗಸರ ಬಾಯಲ್ಲಿ ಅವರು ಬೂಟು ಸಾಹೇಬರು. ವಯಸ್ಸು ಮೂವತ್ತೈದು ದಾಟಿರಲಿಲ್ಲ. ಬಂದು ಎಂಟು ತಿಂಗಳಾಗಿತ್ತು. ಅವರ ಹಿಂದೆ ಇಬ್ಬರು ಕೂಲಿಯವರು, ಹೆಗಲ ಮೇಲೆ ಬಿದಿರು ಗೂಟಗಳ ಕಟ್ಟು, ಕೆಂಪು ರಿಬ್ಬನ್ನಿನ ಸುರುಳಿ.

“ಎಲ್ಲಿಗೆ ಸಾರ್ ಗೂಟ?” ಎಂದಳು ಸಸಿಯಕ್ಕ, ತಲೆ ಎತ್ತದೆ.

“ಬಯಲಿಗೆ. ಮುಂದಿನ ಗುರುವಾರ ನೆಡೋದು. ನೀವು ನಾಳೆ ಕಚೇರಿಗೆ ಬನ್ನಿ, ನಿಮ್ಮ ಹೆಂಗಸರ ಸಂಘದ ಮೊಹರು ತಗೊಂಡು ಬನ್ನಿ. ಒಪ್ಪಿಗೆ ಪತ್ರಕ್ಕೆ ಒತ್ತಬೇಕು. ಇದೊಂದು ಪ್ರತಿ ಇಟ್ಕೊಳ್ಳಿ, ಓದಿರಿ.”

ಸಾಹೇಬರು ಹೋದ ಮೇಲೆ ಅವಳು ಕೈ ತೊಳೆದುಕೊಂಡು ಕಾಗದ ಓದಿದಳು. ಏಳನೇ ತರಗತಿಯವರೆಗೆ ಓದಿದವಳು, ನಿಧಾನವಾಗಿ ಓದುತ್ತಾಳೆ, ಆದರೆ ಸಾಲು ಬಿಡುವುದಿಲ್ಲ. ಬಯಲಿನಲ್ಲಿ ಆರು ಸಾವಿರ ಕಾಂಡ್ಲಾ ಸಸಿ, ಉಪ್ಪುನೀರಿನಲ್ಲಿ ಬೆಳೆಯುವ ಮರದ್ದು. ಸುತ್ತ ಬಲೆಯ ಬೇಲಿ. ಐದು ವರ್ಷ ಒಳಗೆ ಯಾರೂ ಕಾಲಿಡುವಂತಿಲ್ಲ. ಕಾರಣ ಮೂರನೇ ಸಾಲಿನಲ್ಲಿತ್ತು: ಈ ಹಿಂದೆ ನೆಟ್ಟ ಸಸಿಗಳು ಚಿಪ್ಪು ಆಯುವ ಮಹಿಳೆಯರ ತುಳಿತದಿಂದ ನಾಶವಾಗಿರುತ್ತವೆ.

ಅವಳು ಆ ಸಾಲನ್ನು ಎರಡನೇ ಸಲ ಓದಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಚೀಲಗಳ ಐದನೇ ಸಾಲಿಗೆ ಹೋದ ಬೆರಳು ಮೊದಲ ಸಸಿಯ ಕುತ್ತಿಗೆಯನ್ನು ಮುರಿದೇಬಿಟ್ಟಿತು.

ಬಯಲೆಂದರೆ ಅಳಿವೆಯ ಬಾಯಿಯಲ್ಲಿ ನೀರು ಇಳಿದಾಗ ಮಾತ್ರ ಮೈ ತೋರಿಸುವ ಕೆಸರು ನೆಲ. ದಿನಕ್ಕೆ ನಾಲ್ಕೈದು ಗಂಟೆ ಕಾಣುತ್ತದೆ, ಉಳಿದ ಹೊತ್ತೆಲ್ಲ ಆಳೆತ್ತರದ ನೀರು. ಆ ನಾಲ್ಕೈದು ಗಂಟೆಯಲ್ಲಿ ನಲವತ್ತು ಹೆಂಗಸರು ಬಗ್ಗಿದ ನಡು ಎತ್ತದೆ ಕೈಗುದ್ದಲಿಯಿಂದ ಕೆಸರು ಕೆದಕಿ ಕಪ್ಪೆಚಿಪ್ಪು ಆಯುತ್ತಾರೆ. ಅಲ್ಲಿ ಯಾವ ಕಾಲಕ್ಕೂ ಮರ ಇರಲಿಲ್ಲ. ಸಸಿಯಕ್ಕನ ಅತ್ತೆಯ ಕಾಲಕ್ಕೂ ಇರಲಿಲ್ಲ. ಹೆಂಗಸರಲ್ಲಿ ಒಂದು ಮಾತಿದೆ: ಏಡಿ ಮನೆ ಕಟ್ಟಿದಲ್ಲಿ ಕಾಂಡ್ಲಾ, ಚಿಪ್ಪು ಮನೆ ಕಟ್ಟಿದಲ್ಲಿ ನೀರು. ಉಪ್ಪುನೀರಿನ ಮರವಾದರೂ ಕಾಂಡ್ಲಾಕ್ಕೆ ಉಸಿರು ಬೇಕು. ದಿನದ ಮುಕ್ಕಾಲು ಪಾಲು ತಲೆ ಮುಳುಗಿಸಿಟ್ಟರೆ ಅದೂ ಸಾಯುತ್ತದೆ.

ಕಾಂಡ್ಲಾ ಇದ್ದದ್ದು ಬಯಲಿನ ಹಿಂದೆ, ಎತ್ತರದ ನೆಲದಲ್ಲಿ. ಮೂವತ್ತು ವರ್ಷದ ಹಿಂದೆ ಒಂದು ಕಂಪನಿ ಗುತ್ತಿಗೆ ಹಿಡಿದು ಅದಷ್ಟನ್ನೂ ಕಡಿಸಿ, ಸುತ್ತ ಮಣ್ಣಿನ ಒಡ್ಡು ಹಾಕಿ, ಸೀಗಡಿ ಕೆರೆ ಮಾಡಿತು. ಸೀಗಡಿಗೆ ರೋಗ ಬಂತು, ಕಂಪನಿಯವರು ಎದ್ದು ಹೋದರು. ಒಡ್ಡು ಮಾತ್ರ ಉಳಿಯಿತು, ಗುತ್ತಿಗೆಯ ಕಾಗದವೂ ಉಳಿಯಿತು. ಕಾಡಿಲ್ಲದ ಮೇಲೆ ಬಂದ ಮೊದಲ ದೊಡ್ಡ ಬಿರುಗಾಳಿಗೆ ಊರಿನ ಮುಂದಿನ ಸಾಲಿನ ಹದಿನೇಳು ಮನೆ ಹೋದವು. ಸಸಿಯಕ್ಕ ಮದುವೆಯಾಗಿ ಕಾಲಿಟ್ಟ ಮನೆ ಅದರಲ್ಲಿ ಮೂರನೆಯದು.

ಅವಳಿಗೆ ಈ ಹೆಸರು ಬಂದದ್ದು ಹದಿನಾಲ್ಕು ವರ್ಷದ ಹಿಂದೆ, ಮೊದಲ ನೆಡುವಿಕೆಯಲ್ಲಿ. ಕಾಂಡ್ಲಾದ ಬೀಜ ಮರದ ಮೇಲೇ ಮೊಳೆತು, ನುಗ್ಗೆಕಾಯಿಯಂತೆ ಉದ್ದಕ್ಕೆ ಜೋತು ಬಿದ್ದು, ಹಣ್ಣಾದಾಗ ಕಳಚಿ ನೀರಿಗೆ ಬೀಳುತ್ತದೆ. ಅದಕ್ಕೆ ಕೋಡು ಅನ್ನುತ್ತಾರೆ. ಹೊಳೆಯ ಮೇಲ್ಭಾಗದಲ್ಲಿ ಉಳಿದಿದ್ದ ಒಂದಿಷ್ಟು ಮರಗಳಿಂದ ದೋಣಿಯಲ್ಲಿ ಕೋಡು ತಂದು ಚೀಲಕ್ಕೆ ಊರಿ ಬೆಳೆಸಿದವಳು ಅವಳು. ನೆಡಲು ಬಂದ ಶಾಲೆಯ ಮೇಷ್ಟರುಗಳು ಚೀಲಕ್ಕೆ ಹಾಕದೆ ಉಳಿದ ಕೋಡುಗಳನ್ನು ತಲೆಕೆಳಗಾಗಿ ಊರುತ್ತಿದ್ದುದನ್ನು ಕಂಡು, ಅವರ ಹಿಂದೆಯೇ ಹೋಗಿ ಒಂದೊಂದನ್ನೂ ಕಿತ್ತು ತಿರುಗಿಸಿ ನೆಟ್ಟವಳೂ ಅವಳೇ. ಜಾಗ ಆರಿಸಿದ್ದು ಆಗಿನ ಸಾಹೇಬರು: ಬಯಲು. ಅವಳು ಬೇಡವೆನ್ನಲಿಲ್ಲ. ಓದಿದವರು ಹೇಳಿದ ಮೇಲೆ ಇರಬಹುದೇನೋ ಅಂದುಕೊಂಡಳು.

ಮೂರನೇ ತಿಂಗಳಿಗೆ ಕಚೇರಿಯವರು ಎಣಿಕೆಗೆ ಬಂದರು. ನೂರಕ್ಕೆ ತೊಂಬತ್ತೆರಡು ಹಸಿರಾಗಿ ನಿಂತಿದ್ದವು. ಅವಳು ಹಿಗ್ಗಿನಿಂದ ಪುಸ್ತಕಕ್ಕೆ ಸಹಿ ಹಾಕಿದಳು. ಅವಳಿಗೊಂದು ಪ್ರಶಸ್ತಿ ಪತ್ರವೂ ಬಂತು.

ಆರನೇ ತಿಂಗಳಿಗೆ ಎಲೆ ಹಳದಿಯಾಯಿತು. ಬಂಡೆಗೆ ಅಂಟುವ ಸುಣ್ಣದಂಥ ಪುಟ್ಟ ಚಿಪ್ಪುಗಳು ಕಾಂಡದ ಸುತ್ತ ಹೆಪ್ಪುಗಟ್ಟಿ ಸಸಿಗಳನ್ನು ಬಗ್ಗಿಸಿದವು. ಹತ್ತನೇ ತಿಂಗಳಿಗೆ ಬಯಲಿನಲ್ಲಿ ಕಡ್ಡಿಗಳು ಮಾತ್ರ ಇದ್ದವು. ಕೋಡಿನೊಳಗೆ ತಾಯಿಮರ ಕಟ್ಟಿಕೊಟ್ಟ ಬುತ್ತಿ ಇರುತ್ತದೆ, ಅದು ಮುಗಿಯುವವರೆಗೆ ಸಸಿ ಎಲ್ಲಿ ಊರಿದರೂ ಹಸಿರಾಗಿಯೇ ಇರುತ್ತದೆ ಎಂಬುದು ಅವಳಿಗೆ ಆಗ ಗೊತ್ತಾಯಿತು. ಮೂರನೇ ತಿಂಗಳಲ್ಲಿ ಅವಳು ಎಣಿಸಿದ್ದು ಬದುಕಿದ ಸಸಿಗಳನ್ನಲ್ಲ, ಬುತ್ತಿ ಮುಗಿಯದ ಸಸಿಗಳನ್ನು.

ಸಾಹೇಬರಿಗೆ ಹೇಳಲು ಹೋದಳು. ಅವರಿಗೆ ವರ್ಗವಾಗಿತ್ತು. ಮುಂದಿನವರಿಗೆ ಹೇಳಿದಳು. ಅವರು ತಲೆಯಾಡಿಸಿ ಮತ್ತೆ ಬಯಲಿನಲ್ಲೇ ನೆಟ್ಟರು. ಹೀಗೆ ಆರು ಸಲ. ಆರು ಸಲವೂ ಮೂರನೇ ತಿಂಗಳಿಗೆ ಎಣಿಸಿದರು, ಆರು ಸಲವೂ ಅವಳೇ ಸಹಿ ಹಾಕಿದಳು. ನರ್ಸರಿಯ ಕೂಲಿಯಲ್ಲಿ ಅವಳೂ ಸೇರಿ ಒಂಬತ್ತು ಹೆಂಗಸರ ಒಲೆ ಉರಿಯುತ್ತಿತ್ತು. ಪ್ರಶಸ್ತಿ ಪತ್ರವನ್ನು ಗೋಡೆಯಿಂದ ತೆಗೆದು ಅಕ್ಕಿ ಡಬ್ಬದ ಕೆಳಗೆ ಹಾಸಿದ್ದಷ್ಟೇ ಅವಳು ಆಗ ಮಾಡಿದ ಪ್ರತಿಭಟನೆ.

ಬೂಟು ಸಾಹೇಬರು ಕಾಗದ ಕೊಟ್ಟು ಹೋದ ದಿನ ಸಂಜೆ ನಾದಿನಿ ಬಂದಳು. ಗಂಡನ ತಂಗಿ, ಐವತ್ತರ ಹೆಂಗಸು, ಎಂಟನೇ ವಯಸ್ಸಿನಿಂದ ಬಯಲಿನಲ್ಲಿ ಚಿಪ್ಪು ಆಯ್ದವಳು. ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ.

“ಕೆಂಪು ರಿಬ್ಬನ್ ಕಟ್ಟಿ ಹೋಗಿದಾರಲ್ಲ ಅತ್ತಿಗೆ, ಉದ್ಘಾಟನೆ ಯಾವಾಗ? ಹೊಸ ಸೀರೆ ತಗೋಬೇಕಾ?”

“ಒಳಗೆ ಬಾ.”

“ಬರಲ್ಲ. ಬೇಲಿ ಹಾಕ್ತಾರಂತೆ. ನಾವು ತುಳಿದು ಕೊಂದ್ವಂತೆ. ನೀನು ಓದಿದೀಯಾ ಆ ಕಾಗದಾನ?”

“ಓದಿದೀನಿ.”

“ಓದಿ ಅನ್ನ ಸೇರ್ತಾ ನಿಂಗೆ? ನಾವು ಸಸಿಗೆ ಕಾಲು ತಾಗಬಾರದು ಅಂತ ಸೀರೆ ಎತ್ತಿ ಕಟ್ಟಿ ಕಳ್ಳರ ಥರ ನಡೆದವರು. ನಾಳೆ ನೀನು ಮೊಹರು ಒತ್ತಿದ್ರೆ ನಾವು ಕೊಂದ್ವಿ ಅಂತ ನಾವೇ ಒಪ್ಕೊಂಡ ಹಾಗೆ. ಒತ್ತದಿದ್ರೆ ನಿನ್ನ ನರ್ಸರಿಗೆ ಬೀಗ. ನೀನೇನು ಮಾಡ್ತೀಯಾ ಅಂತ ನಂಗೊತ್ತು. ಆರು ಸಲ ನೋಡಿಲ್ವಾ?”

ದೋಣಿಗಳ ಎಂಜಿನ್ ರಿಪೇರಿ ಮಾಡುವ ಗಂಡ ಮೂಲೆಯಲ್ಲಿ ಕೂತು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಸ್ಪಾರ್ಕ್ ಪ್ಲಗ್ ಒರೆಸುತ್ತಿದ್ದ. ತಂಗಿ ಹೋದ ಮೇಲೆ ಮೆಲ್ಲಗೆ ಅಂದ: “ಎಂಜಿನ್ ಕೆಟ್ಟಿದೆ ಅಂದ್ರೆ ದೋಣಿಗೆ ಬಣ್ಣ ಬಳಿಯೋ ಜನ. ನೀನು ಹದಿನಾಲ್ಕು ವರ್ಷ ಬಣ್ಣದ ಡಬ್ಬ ಹಿಡ್ಕೊಂಡು ನಿಂತೆ.”

“ನೀವೂ ಶುರು ಮಾಡಿದ್ರಾ?”

“ಶುರು ಮಾಡಿಲ್ಲ. ಇದ್ದದ್ದು ಹೇಳಿದೆ.”

ಕಚೇರಿಯ ಕೋಣೆ ಚಿಕ್ಕದು. ಒಂದು ಕಬ್ಬಿಣದ ಬೀರು, ಗಾಜು ಹಾಸಿದ ಮೇಜು, ಪಕ್ಕದಲ್ಲಿ ಗುಮಾಸ್ತನ ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ. ಗೋಡೆಯ ಮೇಲೆ ಗುರಿ ಮತ್ತು ಸಾಧನೆ ಎಂದು ಎರಡು ಕಂಬವಿದ್ದ ಚಾರ್ಟು. ಎರಡೂ ಕಂಬ ಒಂದೇ ಎತ್ತರ. ಸಸಿಯಕ್ಕ ಊಟದ ಡಬ್ಬಿಯಿಂದ ಸಂಘದ ಮೊಹರನ್ನೂ ಶಾಯಿಯ ದಿಂಬನ್ನೂ ತೆಗೆದು ಮೇಜಿನ ಮೇಲಿಟ್ಟಳು. ಸಾಹೇಬರು ಫೋನಿನಲ್ಲಿದ್ದರು. ಅಲ್ಲಿಯವರೆಗೆ ನೋಡುತ್ತಿರಿ ಎಂಬಂತೆ ಹೋದ ವರ್ಷದ ವರದಿಯನ್ನು ಅವಳತ್ತ ತಳ್ಳಿದರು. ನುಣುಪು ಕಾಗದ, ಬಣ್ಣದ ಚಿತ್ರಗಳು. ಆರನೇ ಪುಟದಲ್ಲಿ ಮೊಣಕಾಲೆತ್ತರದ ಕಾಂಡ್ಲಾ ಗಿಡಗಳು ಒತ್ತೊತ್ತಾಗಿ ನಿಂತ ಫೋಟೋ ಇತ್ತು. ಕೆಳಗೆ ಬರೆದಿತ್ತು: ಬಯಲಿನ ನೆಡುತೋಪು, ಎರಡನೇ ವರ್ಷ.

ಅವಳು ಆ ಪುಟವನ್ನು ಬೆಳಕಿಗೆ ಹಿಡಿದು ನೋಡಿದಳು. ಸಾಹೇಬರು ಫೋನ್ ಇಟ್ಟರು.

“ಸಾರ್, ಈ ಫೋಟೋ ಎಲ್ಲಿದು?”

“ಬರೆದಿದೆಯಲ್ಲ, ಬಯಲಿಂದು. ಚೆನ್ನಾಗಿ ಬಂದಿದೆ ಅಲ್ವಾ?”

“ಮೂಲೇಲಿ ಒಂದು ಕಂಬ ಕಾಣುತ್ತೆ ನೋಡಿ. ಅದು ಸೀಗಡಿ ಕೆರೆಯ ತೂಬಿನ ಕಂಬ. ಬಯಲಲ್ಲಿ ತೂಬು ಎಲ್ಲಿಂದ ಬಂತು?”

ಸಾಹೇಬರು ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. “ಫೋಟೋ ತೆಗೆದವರು ಬೇರೆ. ನಾನಾಗ ಬಂದಿರಲಿಲ್ಲ.”

“ಇವನ್ನ ನೀವೂ ನೆಟ್ಟಿಲ್ಲ, ನಾನೂ ನೆಟ್ಟಿಲ್ಲ. ಮೂರು ಮಳೆಗಾಲದ ಹಿಂದೆ ಕೆರೆಯ ಒಡ್ಡು ಎಂಟು ಮಾರು ಹರೀತು. ನೀರು ಒಳಗೆ ಹೋಯ್ತು, ನೀರಿನ ಜೊತೆ ಕೋಡು ಹೋಯ್ತು. ಎಲ್ಲಿ ನಿಲ್ಲಬೇಕೋ ಅಲ್ಲಿ ಅದೇ ನಿಂತ್ಕೊಂಡ್ತು. ಮೊದಲ ವರ್ಷ ಮುನ್ನೂರ ಹನ್ನೆರಡು. ಹೋದ ತಿಂಗಳು ಎಣಿಸಿದೆ, ಎರಡು ಸಾವಿರದ ನೂರ ನಲವತ್ತು. ಒಂದು ರೂಪಾಯಿ ಖರ್ಚಿಲ್ಲ. ಮರಿಮೀನು ಬಂದಿದೆ, ಏಡಿ ಬಂದಿದೆ, ಕೊಕ್ಕರೆ ಬಂದಿದೆ. ನೀರುನಾಯಿ ಹೆಜ್ಜೆ ನೋಡಿದೀನಿ, ಅದನ್ನ ಕಂಡು ಇಪ್ಪತ್ತು ವರ್ಷ ಆಗಿತ್ತು. ನನ್ನ ಸಸಿ ಅಲ್ಲಿಗೆ ಕೊಡ್ತೀನಿ ಸಾರ್, ಆರು ಸಾವಿರಾನೂ. ಇನ್ನೊಂದು ಕಡೆ ಒಡ್ಡು ಬಿಡಿಸಿ, ಸಾಕು.”

“ಅದು ಗುತ್ತಿಗೆ ಜಮೀನಮ್ಮ. ಅಲ್ಲಿ ಕೈ ಹಾಕಿದ್ರೆ ತಕರಾರು. ಬಯಲು ಸರ್ಕಾರದ್ದು, ಅಲ್ಲಿ ಯಾರೂ ಇಲ್ಲ.”

“ಯಾರೂ ಇಲ್ವಾ?” ಸಸಿಯಕ್ಕ ದನಿ ಏರಿಸಲಿಲ್ಲ. “ನಲವತ್ತು ಜನ ಇದೀವಿ. ಬಗ್ಗಿರ್ತೀವಲ್ಲ, ಅದಕ್ಕೆ ಕಾಣಿಸ್ಲಿಲ್ವೇನೋ.”

ಸಾಹೇಬರ ಮುಖ ಕೆಂಪಾಯಿತು. ಕೆಟ್ಟವರಲ್ಲ ಅವರು. ಹೆಂಗಸರು ಕೂಲಿ ತಡವಾಯಿತೆಂದಾಗ ಮೇಲಿನವರಿಗೆ ನಾಲ್ಕು ಪತ್ರ ಬರೆದಿದ್ದರು. “ನಂಗೂ ಗುರಿ ಅಂತ ಇರುತ್ತೆ. ಇಷ್ಟು ಸಸಿ, ಇಷ್ಟು ದಿನದೊಳಗೆ. ಮೂರು ತಿಂಗಳ ಎಣಿಕೆ ಕಳಿಸದಿದ್ರೆ ಮುಂದಿನ ವರ್ಷ ಏನೂ ಬರಲ್ಲ.”

“ಹತ್ತನೇ ತಿಂಗಳು ಎಣಿಸಿ.”

“ಅದು ನಮೂನೆಯಲ್ಲಿಲ್ಲ.”

“ಹೆರಿಗೆ ಆಗೋದು ಎಷ್ಟನೇ ತಿಂಗಳಿಗೆ ಸಾರ್? ಮೂರನೇ ತಿಂಗಳಿಗೆ ಬಂದು ತಾಯಿ ಮಗು ಆರೋಗ್ಯ ಅಂತ ಬರ್ಕೊಂಡು ಹೋಗ್ತೀರಾ?”

ಪಕ್ಕದ ಮೇಜಿನ ಗುಮಾಸ್ತ ನಕ್ಕು, ನಕ್ಕದ್ದು ತಪ್ಪೆನಿಸಿ ಕೆಮ್ಮಿದ. ಸಾಹೇಬರು ಒಪ್ಪಿಗೆ ಪತ್ರವನ್ನು ಮುಂದಿಟ್ಟರು. ಜೊತೆಗೆ ಪಿನ್ ಹಾಕಿದ ಎರಡನೇ ಹಾಳೆಯೊಂದಿತ್ತು, ಅವಳಿಗೆ ಕೊಟ್ಟ ಪ್ರತಿಯಲ್ಲಿ ಅದಿರಲಿಲ್ಲ. ಅವಳು ಅದನ್ನೂ ಓದಿದಳು. ಕೆಲಸಗಳ ಪಟ್ಟಿಯಲ್ಲಿ ನಾಲ್ಕನೆಯದು: ದಡ ಬಲಪಡಿಸುವಿಕೆ, ಎಂಟು ಮಾರು, ಕೆಮ್ಮಣ್ಣು ಮತ್ತು ಮರಳಿನ ಚೀಲ.

“ಇದು ಯಾವ ದಡ?”

ಸಾಹೇಬರು ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. “ಕಂಪನಿಯವರು ದೂರು ಕೊಟ್ಟಿದಾರೆ, ಒಡ್ಡು ಮುಚ್ಚಿಕೊಡಿ ಅಂತ. ಯೋಜನೆಯಲ್ಲಿ ಮಣ್ಣಿನ ಕೆಲಸಕ್ಕೆ ಅವಕಾಶ ಇತ್ತು. ಮೇಲಿನವರು ಸೇರಿಸಿದಾರೆ.”

ಕಾಂಡ್ಲಾ ಬೆಳೆಸುವ ಯೋಜನೆಯಿಂದಲೇ ಕಾಂಡ್ಲಾದ ಬಾಯಿಗೆ ಮಣ್ಣು. ಆ ಎರಡು ಸಾವಿರದ ನೂರ ನಲವತ್ತು ಗಿಡಗಳ ಫೋಟೋ ವರದಿಯಲ್ಲಿದೆ. ಒಡ್ಡು ಮುಚ್ಚಿ ಒಳಗೆ ನೀರು ನಿಂತರೆ ಗಿಡಗಳು ಎರಡು ತಿಂಗಳಲ್ಲಿ ಕೊಳೆಯುತ್ತವೆ. ಸಸಿಯಕ್ಕ ಶಾಯಿಯ ದಿಂಬಿನ ಮುಚ್ಚಳ ಹಾಕಿದಳು, ಮೊಹರನ್ನು ಡಬ್ಬಿಗಿಟ್ಟಳು, ಡಬ್ಬಿಯ ಕೊಂಡಿ ಒತ್ತಿದಳು.

“ಒತ್ತಲ್ಲ ಸಾರ್. ಸಸೀನೂ ಕೊಡಲ್ಲ.”

“ನರ್ಸರಿ ಮುಚ್ಚಬೇಕಾಗುತ್ತೆ. ಯೋಚನೆ ಮಾಡಿ. ಒಂಬತ್ತು ಜನದ ಕೆಲಸ.”

“ಹದಿನಾಲ್ಕು ವರ್ಷ ಅದನ್ನೇ ಯೋಚನೆ ಮಾಡಿದೆ. ಮಾಡಿ ಮಾಡಿ ಆರು ಸಲ ಸುಳ್ಳಿಗೆ ಸಹಿ ಹಾಕಿದೆ. ನಿಮಗಿಂತ ಮುಂಚಿನ ಕಳ್ಳಿ ನಾನು.”

ಹೊರಗೆ ಬಂದ ಅವಳು ಬಸ್ಸಿಗೆ ಕಾಯಲಿಲ್ಲ. ನಾಲ್ಕು ಮೈಲಿ ನಡೆದಳು. ದಾರಿಯಲ್ಲಿ ಕೆಮ್ಮಣ್ಣು ತುಂಬಿದ ಎರಡು ಟಿಪ್ಪರುಗಳು ಅವಳನ್ನು ದಾಟಿ ಕೆರೆಯ ಕಡೆಗೆ ಹೋದವು. ಧೂಳು ಮೈ ಮೇಲೆ ಬಿತ್ತು. ಅವಳು ಕೊಡವಿಕೊಳ್ಳಲಿಲ್ಲ.

ಸೀದಾ ನಾದಿನಿಯ ಮನೆಗೆ ಹೋದಳು. ನಾದಿನಿ ಅಂಗಳದಲ್ಲಿ ಚಿಪ್ಪು ಬೇಯಿಸುತ್ತಿದ್ದಳು, ಹೊಗೆಯ ಮಧ್ಯದಿಂದ ಕಣ್ಣು ಕಿರಿದು ಮಾಡಿ ನೋಡಿದಳು.

“ಒತ್ತಿ ಬಂದ್ಯಾ?”

“ಇಲ್ಲ.”

“ಯಾಕೆ, ಶಾಯಿ ಒಣಗಿತ್ತಾ?”

“ನಿನ್ನ ನಾಲಿಗೆ ಒಣಗಲಿ. ಒಡ್ಡು ಮುಚ್ತಿದಾರೆ. ಮಣ್ಣು ಹೋಯ್ತು ಈಗ, ಎರಡು ಗಾಡಿ.”

ನಾದಿನಿ ಸೌಟು ಕೆಳಗಿಟ್ಟಳು. ಒಡ್ಡು ಹರಿದು ಆದ ಹೊಸ ಬಾಯಿಯಲ್ಲಿ ಈ ವರ್ಷ ಹೆಂಗಸರು ಮೊದಲ ಬಾರಿಗೆ ದೊಡ್ಡ ಏಡಿ ಹಿಡಿದಿದ್ದರು. ಬಯಲಿನ ಚಿಪ್ಪೂ ದಪ್ಪವಾಗಿತ್ತು. ಗಿಡಗಳ ಎಲೆ ಕೊಳೆತ ನೀರು ಇಳಿತದಲ್ಲಿ ಬಯಲಿಗೆ ಬಂದು ಚಿಪ್ಪಿಗೆ ಮೇವಾಗುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈಗ ಒಂದು ಕಡೆ ಬಯಲಿಗೆ ಬೇಲಿ, ಇನ್ನೊಂದು ಕಡೆ ಒಡ್ಡಿಗೆ ಮಣ್ಣು. ಅತ್ತ ಕಸಿದು ಇತ್ತಲೂ ಕಸಿದ ಹಾಗೆ.

“ಎಷ್ಟು ದಿನ ಬೇಕು ಮುಚ್ಚೋಕೆ?” ಎಂದಳು ನಾದಿನಿ.

“ಮೂರು ದಿನ ಹಾಕ್ತಾರೆ.”

“ತೆಗೆಯೋಕೆ?”

ಸಸಿಯಕ್ಕ ಅವಳ ಮುಖ ನೋಡಿದಳು.

ಮೂರು ದಿನ ಅವರು ಏನೂ ಮಾಡಲಿಲ್ಲ. ಕೂಲಿಯವರು ಮಣ್ಣು ತುಂಬಿ, ಚೀಲ ಜೋಡಿಸಿ, ಗುದ್ದಿ, ಫೋಟೋ ತೆಗೆಸಿಕೊಂಡು ಹೋದರು. ನಾಲ್ಕನೇ ದಿನ ಬೆಳಗಿನ ಇಳಿತಕ್ಕೆ ನಲವತ್ತು ಹೆಂಗಸರೂ ಬಯಲಿಗೆ ಇಳಿಯುವ ಬದಲು ಒಡ್ಡಿನ ಮೇಲೆ ಹತ್ತಿದರು. ಕೈಯಲ್ಲಿ ಚಿಪ್ಪು ಕೆದಕುವ ಅದೇ ಕೈಗುದ್ದಲಿ, ತಲೆಯ ಮೇಲೆ ಅದೇ ಬುಟ್ಟಿ. ಘೋಷಣೆ ಇರಲಿಲ್ಲ, ಭಾಷಣ ಇರಲಿಲ್ಲ. ಮೊದಲ ಚೀಲವನ್ನು ನಾದಿನಿ ಎಳೆದಳು. ಅದು ಬರಲಿಲ್ಲ. “ಗುತ್ತಿಗೆದಾರ ಇದೊಂದನ್ನ ಮಾತ್ರ ಸರಿಯಾಗಿ ಹಾಕಿದಾನೆ ನೋಡು,” ಎಂದಳು. ಸಸಿಯಕ್ಕ ಇನ್ನೊಂದು ತುದಿ ಹಿಡಿದಳು. ಬಂತು.

ತೆಗೆದ ಮಣ್ಣನ್ನು ನೀರಿಗೆ ಬಿಡಲಿಲ್ಲ, ಕೆಮ್ಮಣ್ಣು ಬಯಲಿಗೆ ಹೋದರೆ ಚಿಪ್ಪಿನ ಉಸಿರು ಕಟ್ಟುತ್ತದೆ. ಬುಟ್ಟಿ ಬುಟ್ಟಿಯಾಗಿ ಹೊತ್ತು ಒಡ್ಡಿನ ಮೇಲೆಯೇ ಸುರಿದರು. ಒಂದು ಇಳಿತಕ್ಕೆ ಅರ್ಧ ಆಯಿತು. ನೀರು ಏರಿದಾಗ ಮೇಲೆ ಕೂತು, ತಂದಿದ್ದ ಗಂಜಿ ಕುಡಿದು, ಇಳಿದ ಮೇಲೆ ಮತ್ತೆ ಇಳಿದರು. ಸಂಜೆ ಐದಕ್ಕೆ ಕೆರೆಯೊಳಗೆ ನಿಂತಿದ್ದ ನೀರು ಹೊರಗೆ ಹರಿಯಿತು. ಸಸಿಯಕ್ಕ ತೊಡೆಯವರೆಗಿನ ನೀರಿಗಿಳಿದು ಗಿಡಗಳ ನಡುವೆ ಹಾದುಹೋದಳು. ಮೂರು ದಿನದ ನಿಂತ ನೀರಿಗೆ ಕೆಲವದರ ಕೆಳಗಿನ ಎಲೆ ಬಾಡಿತ್ತು. ಒಂದರ ಕುತ್ತಿಗೆಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದಳು, ಅದು ಅಲ್ಲಾಡಲಿಲ್ಲ. ಖುಷಿಯಾಯಿತೇ ಎಂದು ಆಮೇಲೆ ಯಾರೋ ಕೇಳಿದರು. ಇಲ್ಲ, ಎಂದಳು. ಹದಿನಾಲ್ಕು ವರ್ಷದ ಹಿಂದೆ ಇದೇ ಕೈಗುದ್ದಲಿ ತನ್ನ ಮನೆಯಲ್ಲೇ ಇತ್ತಲ್ಲ ಎಂದು ಹೊಟ್ಟೆ ಉರಿಯಿತು, ಎಂದಳು.

ಮರುದಿನ ಬೂಟು ಸಾಹೇಬರು ಬಂದು ನರ್ಸರಿಗೆ ಬೀಗ ಹಾಕಿದರು. “ಮೇಲಿಂದ ಆದೇಶ,” ಎಂದರು, ಅವಳ ಮುಖ ನೋಡದೆ. ಹೋಗುವ ಮುನ್ನ ಕೆರೆಯ ಗಿಡಗಳನ್ನು ಎಣಿಸಿದ ಅವಳ ನೋಟ್‌ಬುಕ್ ಕೇಳಿ ಪಡೆದು, ಪುಟಪುಟವನ್ನೂ ಫೋನಿನಲ್ಲಿ ಫೋಟೋ ತೆಗೆದುಕೊಂಡರು. ಏಕೆಂದು ಹೇಳಲಿಲ್ಲ. ಅವಳೂ ಕೇಳಲಿಲ್ಲ, ಅದರಿಂದ ಏನಾದರೂ ಆದೀತೆಂದು ನಂಬಲೂ ಇಲ್ಲ. ಬೀಗದ ಆಚೆ ಆರು ಸಾವಿರ ಸಸಿಗಳಿಗೆ ಉಬ್ಬರವೇ ಬೇಲಿ ದಾಟಿ ಬಂದು ನೀರು ಹಾಕಿ ಹೋಗುತ್ತಿದೆ. ಗುರುವಾರದ ನೆಡುವಿಕೆಯನ್ನು ಮುಂದೂಡಲಾಗಿದೆ. ಗೂಟಗಳನ್ನು ಇನ್ನೂ ಯಾರೂ ಕಿತ್ತಿಲ್ಲ. ಹೆಂಗಸರು ಅವುಗಳ ನಡುವೆಯೇ ಬಗ್ಗಿ ಚಿಪ್ಪು ಆಯುತ್ತಾರೆ. ನರ್ಸರಿಯ ಒಂಬತ್ತು ಜನರಲ್ಲಿ ಆರು ಮಂದಿ ಈಗ ಬಯಲಿಗೆ ಇಳಿದಿದ್ದಾರೆ. ಒಬ್ಬಳು ಸಸಿಯಕ್ಕನೊಡನೆ ಮಾತು ಬಿಟ್ಟಿದ್ದಾಳೆ.

ಒಡ್ಡಿಗೆ ಹಾನಿ ಮಾಡಿದ ಬಗ್ಗೆ ಕಂಪನಿ ಕೊಟ್ಟ ದೂರಿನ ಮೇಲೆ ನೋಟಿಸು ಬಂದಿದೆ. ಅದರಲ್ಲಿರುವುದು ಸಸಿಯಕ್ಕನೊಬ್ಬಳ ಹೆಸರು. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಠಾಣೆಗೆ ಹಾಜರಾಗಬೇಕು. ನಲವತ್ತು ಜನರನ್ನು ಕರೆದೊಯ್ಯಲು ನಾದಿನಿ ಎರಡು ಟೆಂಪೋ ಗೊತ್ತು ಮಾಡಿದ್ದಾಳೆ.